ಕಲ್ಲಿನ ಶಾಸನ ಮತ್ತು ಕಾಗದದ ವರದಿ

ಲಕ್ಕುಂಡಿಯ ಕ್ರಿ.ಶ. 1007ರ ಶಾಸನವನ್ನು ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿಗಾಗಿ ಓದಿದವರು ಅನೇಕರು. ಚಾಲುಕ್ಯರ ಇತಿಹಾಸಕ್ಕಾಗಿ ಓದಿದವರೂ ಉಂಟು. ಇಂತಹ ಶಾಸನಗಳನ್ನು ಆಡಳಿತದ ಕಡತಗಳೆಂದು ಓದುವ ಅಭ್ಯಾಸ ಮಾತ್ರ ನಮ್ಮಲ್ಲಿ ಕಡಿಮೆ. ಪುಲಿಗೆರೆ, ಮುಳುಗುಂದ, ಲಕ್ಕುಂಡಿಗಳ ಸೀಮೆಯಲ್ಲಿ ದೊರೆತ ದಾನಶಾಸನಗಳನ್ನು ಆ ದೃಷ್ಟಿಯಿಂದ ನೋಡಿದರೆ ಅವುಗಳ ಕ್ರಮ ಬೆರಗು ಹುಟ್ಟಿಸುತ್ತದೆ. ಆಳುವವನಾರು, ಕೊಡುವವರಾರು, ಪಡೆಯುವ ಆಚಾರ್ಯರಾರು, ಕೊಟ್ಟ ಭೂಮಿ ಎಷ್ಟು, ಅದರ ಎಲ್ಲೆ ಯಾವ ಹಳ್ಳದಿಂದ ಯಾವ ಗುಡ್ಡದವರೆಗೆ, ಕಾಯಬೇಕಾದವರು ಯಾರು, ಕೆಡಿಸಿದವನಿಗೆ ಯಾವ ಪಾಪ ಎಂಬುದನ್ನು ಊರವರು ಓದಬಲ್ಲ ಭಾಷೆಯಲ್ಲಿ, ಊರವರು ನಡೆದಾಡುವ ಜಾಗದಲ್ಲಿ ನಿಲ್ಲಿಸಲಾಗಿದೆ. ಬರೆದವನ ಹೆಸರೂ ಎಷ್ಟೋ ಶಾಸನಗಳಲ್ಲಿ ಉಂಟು.

ಇಂದು ಒಂದು ಗುಡ್ಡದ ಅಥವಾ ಒಂದು ಬಸದಿಯ ಭವಿಷ್ಯವನ್ನು ನಿರ್ಣಯಿಸುವ ಬರಹ ಬೇರೆಯದು. ಅದು ಪರಿಸರ ಪರಿಣಾಮ ಮೌಲ್ಯಮಾಪನದ ವರದಿ. 1994ರ ಅಧಿಸೂಚನೆಯಿಂದ ಇದಕ್ಕೆ ಕಾನೂನಿನ ಬಲ ಬಂದಿತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಅದಕ್ಕೆ ಈಗಿನ ರೂಪ ಕೊಟ್ಟಿತು. ಗಣಿಯ ಅಥವಾ ಕಾರ್ಖಾನೆಯ ಮಾಲೀಕನು ಒಂದು ಸಲಹಾ ಸಂಸ್ಥೆಯನ್ನು ಹಣ ಕೊಟ್ಟು ನೇಮಿಸುತ್ತಾನೆ. ಸಂಸ್ಥೆ ವರದಿ ಬರೆಯುತ್ತದೆ. ಸರ್ಕಾರದ ತಜ್ಞ ಸಮಿತಿ ಓದಿ ಶಿಫಾರಸು ಮಾಡುತ್ತದೆ. ನಮ್ಮ ಸಮಾಜದ ಪತ್ರಿಕೆಗಳು ಕಾವ್ಯ ಪುರಾಣಗಳನ್ನು ವಿಮರ್ಶಿಸುತ್ತವೆ, ಪ್ರವಚನ ಗ್ರಂಥಗಳನ್ನು ಪರಿಚಯಿಸುತ್ತವೆ. ಬಸದಿಯ ಬಾಗಿಲಿನವರೆಗೂ ಬರುವ ಈ ಬರಹಪ್ರಕಾರವನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡಂತಿಲ್ಲ. ಎತ್ತಿಕೊಳ್ಳಬೇಕಾದ ಕಾಲ ಬಂದಿದೆ ಎಂಬುದು ಈ ಲೇಖನದ ಅಭಿಪ್ರಾಯ.

ಈ ಪ್ರಕಾರದ ಮೊದಲ ಲಕ್ಷಣವೆಂದರೆ ಅದರ ಭಾಷೆ. ಕರಡು ವರದಿ ಇಂಗ್ಲಿಷಿನಲ್ಲಿರುತ್ತದೆ. ಸಾರಾಂಶ ಮಾತ್ರ ರಾಜ್ಯಭಾಷೆಯಲ್ಲಿ ಸಿಗಬೇಕೆಂಬುದು ನಿಯಮ. ಅಂದರೆ ಶಿರಹಟ್ಟಿಯ ರೈತನಿಗಾಗಲಿ ಲಕ್ಷ್ಮೇಶ್ವರದ ಬಸದಿಯ ಧರ್ಮದರ್ಶಿಗಾಗಲಿ ತಮ್ಮ ಭಾಷೆಯಲ್ಲಿ ದೊರೆಯುವುದು ಕೆಲವೇ ಪುಟಗಳ ಕನ್ನಡ. ನೂರಾರು ಪುಟಗಳ ಕೋಷ್ಟಕಗಳು ಅವರ ಪಾಲಿಗೆ ಮುಚ್ಚಿದ ಪುಸ್ತಕ. ಕನ್ನಡದ ತಿರುಳು ಯಾವ ಸೀಮೆಯದೆಂದು ಪಂಪನು ಹೇಳಿದನೋ ಆ ಪುಲಿಗೆರೆಯಲ್ಲಿಯೇ ಈ ಸ್ಥಿತಿ ಎಂಬುದು ವಿಷಾದದ ಸಂಗತಿ.

ಎರಡನೆಯದು ಸತ್ಯದ ಪ್ರಶ್ನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆಯನ್ನು ಸೇರಿಸಿದೆ. ಬಾಯಿಂದ ಸುಳ್ಳಾಡುವುದಷ್ಟೇ ಅಲ್ಲ, ಇಲ್ಲದ್ದನ್ನು ಇದೆಯೆಂದು ಬರೆದಿಡುವುದೂ ವ್ರತಭಂಗದ ಅಂಚಿಗೆ ಒಯ್ಯುತ್ತದೆ ಎಂಬ ಆಚಾರ್ಯರ ಎಚ್ಚರ ವ್ಯಾಪಾರಿಗಳಾದ ಶ್ರಾವಕರಿಗೆ ಹೇಳಿದ್ದಿರಬೇಕು; ಇಂದಿನ ವರದಿಕಾರರಿಗೂ ಅದು ಚೆನ್ನಾಗಿ ಅನ್ವಯಿಸುತ್ತದೆ. 2007ರ ಸುಮಾರಿಗೆ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯಾದ ಬಾಕ್ಸೈಟ್ ಗಣಿಯೊಂದರ ವರದಿಯ ಭಾಗಗಳು ಹಾಗೆಯೇ ಇಳಿದಿದ್ದುದು ಬಯಲಾಯಿತು. ಕೊಂಕಣದ ಮಾವಿನ ತೋಪುಗಳ ನಡುವೆ ಹಿಮದ ನಾಡಿನ ಗಿಡಮರಗಳು ಚಿಗುರಿದವು! ಆ ಬಳಿಕ ಸಲಹಾ ಸಂಸ್ಥೆಗಳಿಗೆ ಮಾನ್ಯತೆ ಕಡ್ಡಾಯವಾಯಿತು. ಆದರೆ ವರದಿಗೆ ಹಣ ಕೊಡುವವನು ಅನುಮತಿ ಬೇಡುವವನೇ ಆಗಿರುವ ಮೂಲದೋಷ ಹಾಗೆಯೇ ಉಳಿದಿದೆ. ಪರೀಕ್ಷೆಗೆ ಕುಳಿತವನೇ ಪರೀಕ್ಷಕನಿಗೆ ಸಂಬಳ ಕೊಡುವ ಶಾಲೆಗೆ ಮಕ್ಕಳನ್ನು ಕಳಿಸಲು ನಾವು ಒಪ್ಪುತ್ತಿರಲಿಲ್ಲ.

ಸ್ಮಾರಕಗಳ ವಿಷಯದಲ್ಲಿ ದೋಷ ಇನ್ನೂ ಸೂಕ್ಷ್ಮವಾಗಿದೆ. ಅರ್ಜಿಯ ನಮೂನೆಯಲ್ಲಿ ಹದಿನೈದು ಕಿಲೋಮೀಟರಿನೊಳಗಿನ ಸಾಂಸ್ಕೃತಿಕ ಮಹತ್ವದ ಸಂರಕ್ಷಿತ ಪ್ರದೇಶಗಳನ್ನೂ ಪೂಜಾಸ್ಥಳಗಳನ್ನೂ ನಮೂದಿಸಬೇಕು. ನಮೂದಿಸುತ್ತಾರೆ. ಹೆಸರು, ದಿಕ್ಕು, ದೂರ. ಒಂದು ಸಾಲಿನಲ್ಲಿ ಸಾವಿರ ವರ್ಷದ ಜಿನಾಲಯ ಮುಗಿಯುತ್ತದೆ. ಯೋಜನೆಯನ್ನು ಕೇಂದ್ರದ ಕಠಿಣ ಪರಿಶೀಲನೆಗೆ ಒಳಪಡಿಸುವ 'ಸಾಮಾನ್ಯ ಷರತ್ತಿನಲ್ಲಿ' ವನ್ಯಜೀವಿ ಪ್ರದೇಶಗಳಿವೆ, ಅತಿ ಕಲುಷಿತ ಪ್ರದೇಶಗಳಿವೆ, ಪರಿಸರ ಸೂಕ್ಷ್ಮ ಪ್ರದೇಶಗಳಿವೆ, ರಾಜ್ಯಗಳ ಗಡಿಗಳಿವೆ, ಪ್ರಾಚೀನ ಸ್ಮಾರಕಗಳಿಲ್ಲ. ಇನ್ನು ಗದಗ ಸೀಮೆಯಲ್ಲಿ ಎಲ್ಲೆಂದರಲ್ಲಿ ಕಾಣುವ ಗಾಳಿಯಂತ್ರಗಳು ಆ ಅಧಿಸೂಚನೆಯ ಪಟ್ಟಿಯಲ್ಲಿಯೇ ಇಲ್ಲ.

ಹಾಗಾದರೆ ಸ್ಮಾರಕಗಳಿಗೆ ಬೇರೆ ಕಾನೂನಿಲ್ಲವೇ? ಇದೆ. 1958ರ ಕೇಂದ್ರ ಕಾಯಿದೆಯನ್ನು 2010ರಲ್ಲಿ ತಿದ್ದಿ, ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶವೆಂದೂ ಅದರಾಚೆಯ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶವೆಂದೂ ವಿಧಿಸಲಾಯಿತು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಸ್ಥಾಪನೆಯಾಯಿತು. ಸದುದ್ದೇಶದ ಕಾನೂನು. ಆದರೆ ಅದರ ಭಾರ ಯಾರ ಮೇಲೆ ಬಿದ್ದಿದೆ ಎಂಬುದನ್ನು ಲಕ್ಕುಂಡಿಯಲ್ಲಿ ನಿಂತು ನೋಡಬೇಕು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಹೇಳುವ ಊರು ಅದು. ಗುಡಿಗೆ ಗೋಡೆಯೊತ್ತಿ ಮನೆಗಳಿವೆ. ಅಲ್ಲಿನ ಬಡ ಗೃಹಸ್ಥನು ಬಿದ್ದ ಗೋಡೆ ಎತ್ತಬೇಕಾದರೆ, ಆ ಮನೆ 1992ರ ಜೂನ್ 16ಕ್ಕಿಂತ ಮೊದಲಿನದೆಂದು ತೋರಿಸಿ ಅಪ್ಪಣೆ ಬೇಡಬೇಕು. ಎರಡು ಕಿಲೋಮೀಟರ್ ದೂರದಲ್ಲಿ ಬಂಡೆ ಸಿಡಿಸುವವನಿಗೆ ಈ ಕಾಯಿದೆಯ ಅಳತೆಪಟ್ಟಿ ಮುಟ್ಟುವುದೇ ಇಲ್ಲ. ಗೋಡೆಗೆ ಒಂದು ಕಡತ, ಗುಡ್ಡಕ್ಕೆ ಇನ್ನೊಂದು ಕಡತ. ಎರಡನ್ನೂ ಒಟ್ಟಿಗೆ ಓದುವ ಮೇಜು ಜಿಲ್ಲೆಯಲ್ಲಿ ಇಲ್ಲ.

ದೂರದ ಸಿಡಿತದಿಂದ ಕಲ್ಲಿನ ಕಟ್ಟಡಕ್ಕೇನು ಎಂದು ಕೇಳುವವರಿದ್ದಾರೆ. ಸಿಡಿತವು ನೆಲದಲ್ಲಿ ಕಂಪನವಾಗಿ ಹರಿಯುತ್ತದೆ. ಅದರ ವೇಗವನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಅಳೆಯುತ್ತಾರೆ. ಗಣಿ ಸುರಕ್ಷಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ, ಎಂಟು ಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಕಂಪನವು ಸಾಮಾನ್ಯ ವಾಸದ ಮನೆಗೆ 5 ಮಿಲಿಮೀಟರಿನವರೆಗೆ ಸಲ್ಲುತ್ತದೆ. ಐತಿಹಾಸಿಕ ಕಟ್ಟಡಕ್ಕೆ 2 ಮಾತ್ರ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ, ಬಳಪದ ಕಲ್ಲಿನ ನವುರಾದ ಕೆತ್ತನೆಯುಳ್ಳ ಜಿನಾಲಯಕ್ಕೆ ಈ ಎರಡು ಅಂಕಿಗಳ ನಡುವಿನ ಅಂತರ ಕ್ಷುಲ್ಲಕವಲ್ಲ. ವರದಿಯೊಂದು ಕೈಗೆ ಬಂದಾಗ ಧರ್ಮದರ್ಶಿಗಳು ಮೊದಲು ನೋಡಬೇಕಾದುದು ಕಂಪನದ ಕೋಷ್ಟಕದಲ್ಲಿ ಬಸದಿಯನ್ನು ಯಾವ ಸಾಲಿಗೆ ಸೇರಿಸಿದ್ದಾರೆ ಎಂಬುದನ್ನು. ಚಿತ್ತೋಡಗಢದ ಪ್ರಕರಣ ಇಲ್ಲಿ ನೆನಪಿಗೆ ಬರಬೇಕು. ಆದಿನಾಥ ಭಗವಂತನಿಗೆ ಅರ್ಪಿತವಾದ ಕೀರ್ತಿಸ್ತಂಭವೂ ಇರುವ ಆ ಕೋಟೆಯ ಸುತ್ತ ಸುಣ್ಣಕಲ್ಲಿನ ಗಣಿಗಾರಿಕೆ ವರ್ಷಗಟ್ಟಲೆ ವ್ಯಾಜ್ಯವಾಯಿತು. 2024ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೋಟೆಯ ಗೋಡೆಯಿಂದ ಐದು ಕಿಲೋಮೀಟರಿನೊಳಗೆ ಸ್ಫೋಟಕ ಬಳಸಬಾರದೆಂದು ಆಜ್ಞಾಪಿಸಿತು. ಮುನ್ನೂರು ಮೀಟರ್ ಎಲ್ಲಿ, ಐದು ಕಿಲೋಮೀಟರ್ ಎಲ್ಲಿ!

ನಮ್ಮ ಸೀಮೆಯಲ್ಲಿ ಜನರು ಕಾಗದವನ್ನು ಗೆದ್ದ ಉದಾಹರಣೆಗಳಿಲ್ಲದಿಲ್ಲ. ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಬರಲಿದ್ದ ಪೋಸ್ಕೋ ಉಕ್ಕಿನ ಕಾರ್ಖಾನೆಯನ್ನು 2011ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಚಾಚಿದ ಕಪ್ಪತಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಮೀಸಲಿನ ಸ್ಥಾನ ದೊರೆಯಿತು, 2016ರಲ್ಲಿ ಅದು ರದ್ದಾಯಿತು, ತೋಂಟದ ಸಿದ್ಧಲಿಂಗ ಸ್ವಾಮಿಗಳ ನೇತೃತ್ವದ ಹೋರಾಟದ ಬಳಿಕ 2017ರಲ್ಲಿ ಮರಳಿ ಬಂದಿತು, 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಒಂದೇ ಗುಡ್ಡ, ಒಂದೇ ಗಿಡಮೂಲಿಕೆ. ನಾಲ್ಕು ವರ್ಷಗಳಲ್ಲಿ ಕಾಗದ ನಾಲ್ಕು ಬಾರಿ ಬದಲಾಯಿತು. ಆ ಚಳವಳಿಗೆ ಮಠಗಳು, ರೈತರು, ಸಾಹಿತಿಗಳು ಬಲ ಕೊಟ್ಟರು. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ನಮ್ಮ ಸಂಸ್ಥೆಗಳ ಧ್ವನಿ ಅಲ್ಲಿ ಇನ್ನೂ ಗಟ್ಟಿಯಾಗಿ ಕೇಳಬೇಕಾಗಿತ್ತು.

ಈಗ ನಮ್ಮ ಮನೆಯೊಳಗಿನ ಮಾತು. ಸಂರಕ್ಷಿತವೆಂದು ಯಾವ ಸರ್ಕಾರವೂ ಘೋಷಿಸದ ಬಸದಿಗಳು ನಾಡಿನಲ್ಲಿ ಬಹಳ. ಅವುಗಳಿಗೆ ನೂರು ಮೀಟರಿನ ನಿಯಮವಿಲ್ಲ, ಪ್ರಾಧಿಕಾರವಿಲ್ಲ. ಟ್ರಸ್ಟಿನ ಸಭೆಯೇ ಅನುಮತಿ ನೀಡುವ ಇಲಾಖೆ. ಆ ಸಭೆ ಕರೆಯುವ ಸಲಹೆಗಾರನಾರು? ಬಹುಮಟ್ಟಿಗೆ ಗುತ್ತಿಗೆದಾರನೇ. ಜೀರ್ಣೋದ್ಧಾರವೆಂಬ ಪವಿತ್ರ ಶಬ್ದದ ಅಡಿಯಲ್ಲಿ ಹಳೆಯ ಹಾಸುಗಲ್ಲು ಎದ್ದು ಹೊಳಪಿನ ಗ್ರಾನೈಟ್ ಬರುತ್ತದೆ. ಸುಣ್ಣದ ಗಾರೆಯ ಜಾಗಕ್ಕೆ ಸಿಮೆಂಟು ಬರುತ್ತದೆ. ಕಂಬಗಳು ಎಣ್ಣೆಬಣ್ಣ ಮೆತ್ತಿಕೊಳ್ಳುತ್ತವೆ, ಕಲ್ಲಿನೊಳಗಿನ ತೇವ ಹೊರಬರಲು ದಾರಿಯಿಲ್ಲದೆ ಮೇಲ್ಪದರ ಹಕ್ಕಳೆಯಾಗಿ ಉದುರುತ್ತದೆ. ಗೋಡೆಯಲ್ಲಿದ್ದ ಶಾಸನದ ಕಲ್ಲು ದಾನಿಗಳ ಹೆಸರಿನ ಅಮೃತಶಿಲೆಯ ಫಲಕದ ಹಿಂದೆ ಮರೆಯಾಗುತ್ತದೆ. ಟ್ರಸ್ಟ್ ಎಂಬುದಕ್ಕೆ ನ್ಯಾಸ ಎನ್ನುತ್ತೇವೆ. ಕೂಟಲೇಖಕ್ರಿಯೆಯ ಮಗ್ಗುಲಲ್ಲಿಯೇ ಆಚಾರ್ಯರು ಹೇಳಿರುವ ಇನ್ನೊಂದು ಅತಿಚಾರ ನ್ಯಾಸಾಪಹಾರ: ಇಟ್ಟವನು ಮರೆತನೆಂದು, ಇಟ್ಟದ್ದಕ್ಕಿಂತ ಕಡಿಮೆ ಹಿಂತಿರುಗಿಸುವುದು. ಸಾವಿರ ವರ್ಷದ ಹಿಂದೆ ಇಟ್ಟವರು ಕೇಳಲು ಬರುವುದಿಲ್ಲ.

ಆದ್ದರಿಂದ ಸಂರಕ್ಷಣಾ ಸಲಹೆಗೆ ಹಣ ವ್ಯಯಿಸುವುದು ದುಂದುಗಾರಿಕೆ ಎಂಬ ಮಾತನ್ನು ಒಪ್ಪಲಾಗದು. ನುರಿತ ಸಲಹೆಗಾರನು ಕೆಲಸ ಆರಂಭಿಸುವ ಮೊದಲು ಪ್ರತಿ ಕಲ್ಲನ್ನೂ ಅಳೆದು ಚಿತ್ರಿಸುತ್ತಾನೆ, ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕುತ್ತಾನೆ, ಬದಲಿಸಲೇಬೇಕಾದುದನ್ನು ಮಾತ್ರ ಗುರುತಿಸುತ್ತಾನೆ. ಎಷ್ಟೋ ಸಲ ಅವನ ಅತ್ಯುತ್ತಮ ಸಲಹೆ ಏನನ್ನೂ ಮಾಡಬೇಡಿ ಎಂಬುದೇ ಆಗಿರುತ್ತದೆ. ದೇಣಿಗೆ ಕೊಟ್ಟವರಿಗೆ ತೋರಿಸಲು ಅದರಿಂದ ಏನೂ ಸಿಗುವುದಿಲ್ಲವೆಂಬುದು ಅದರ ತೊಡಕು.

ದೇಣಿಗೆಯ ಪ್ರಶ್ನೆ ಇನ್ನಷ್ಟು ಇಕ್ಕಟ್ಟಿನದು. ಕ್ರಶರ್ ಮತ್ತು ಕಲ್ಲುಗಣಿಯ ಆದಾಯದಿಂದ ಬಂದ ಹಣವನ್ನು ಜೀರ್ಣೋದ್ಧಾರಕ್ಕೆ ಸ್ವೀಕರಿಸಬಹುದೇ? ಶ್ರಾವಕಾಚಾರ ಗ್ರಂಥಗಳು ಸ್ಫೋಟಜೀವಿಕೆಯನ್ನು ಶ್ರಾವಕನಿಗೆ ಸಲ್ಲದ ಕ್ರೂರಕರ್ಮಗಳಲ್ಲಿ ಎಣಿಸಿವೆ. ಬಸದಿಯೂ ಒಮ್ಮೆ ಬಂಡೆಯಾಗಿಯೇ ಇತ್ತು, ಕಲ್ಲು ತೆಗೆಯದೆ ಯಾರೂ ಮನೆ ಕಟ್ಟಿಲ್ಲ ಎಂಬ ಪ್ರತಿವಾದವನ್ನು ತಳ್ಳಿಹಾಕುವಂತಿಲ್ಲ. ಆದರೂ ಒಂದು ಕನಿಷ್ಠ ಮರ್ಯಾದೆ ಸಾಧ್ಯ: ಯಾವ ಗಣಿಯ ಕಂಪನ ಬಸದಿಗೆ ತಲುಪುತ್ತದೆಯೋ ಆ ಗಣಿಯ ಹಣ ಆ ಬಸದಿಯ ಹುಂಡಿಗೆ ಬರಬಾರದು. ಬಂದರೆ ಆಲಿಕೆ ಸಭೆಯಲ್ಲಿ ಟ್ರಸ್ಟಿನ ಬಾಯಿ ಕಟ್ಟಿದಂತೆಯೇ.

ಆ ಸಭೆಯ ವಿಷಯದಲ್ಲಿ ಕಾನೂನು ಸಾಕಷ್ಟು ಉದಾರವಾಗಿದೆ. ಗುಂಪಾಗಿ ಇರದ, ಐದು ಹೆಕ್ಟೇರಿಗಿಂತ ಚಿಕ್ಕ ಕಲ್ಲುಗಣಿಗಳಿಗೆ ಸಾಮಾನ್ಯವಾಗಿ ಸಭೆ ನಡೆಯುವುದಿಲ್ಲ. ಅಲ್ಲಿ ಗ್ರಾಮ ಪಂಚಾಯಿತಿಯಲ್ಲಿಯೇ ಎಚ್ಚರವಾಗಿರಬೇಕು. ಉಳಿದವಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯು ಕನಿಷ್ಠ ಮೂವತ್ತು ದಿನ ಮೊದಲು ಪ್ರಕಟಣೆ ಕೊಡಬೇಕು. ಕರಡು ವರದಿಯನ್ನು ಜಿಲ್ಲಾಧಿಕಾರಿ ಹಾಗೂ ಜಿಲ್ಲಾ ಪಂಚಾಯಿತಿ ಕಚೇರಿಗಳಲ್ಲಿ ನೋಡಲು ಸಿಗುವಂತಿಡಬೇಕು. ಸಭೆಗೆ ಬರಲಾಗದ ಆಸಕ್ತರು ಲಿಖಿತವಾಗಿ ಆಕ್ಷೇಪ ಸಲ್ಲಿಸಬಹುದು. ಮತ್ತೊಂದು ನಿಯಮ ನಮ್ಮ ಶಾಸನಕಾರರಿಗೆ ಮೆಚ್ಚುಗೆಯಾಗುವಂಥದು: ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಎಲ್ಲರೆದುರು ಓದಿ ಹೇಳಿ, ಅಂದೇ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಸಹಿ ಮಾಡಬೇಕು. ಆ ಓದು ಮುಗಿಯುವ ಮುನ್ನವೇ ಊಟಕ್ಕೆ ಏಳುವವರು ನಾವು. ಬಸದಿಯ ಹೆಸರು, ಅದರ ಕಾಲ, ಗಣಿಯಿಂದ ಅದರ ದೂರ, ಕಂಪನದ ಮಿತಿ ಎರಡು ಮಿಲಿಮೀಟರ್ ಎಂಬ ಆಗ್ರಹ, ಇಷ್ಟು ಆ ನಡಾವಳಿಯಲ್ಲಿ ಸೇರಿತೇ ಎಂದು ಕೇಳಿಸಿಕೊಳ್ಳಲು ಟ್ರಸ್ಟಿನ ಒಬ್ಬರಾದರೂ ಕೊನೆಯವರೆಗೆ ಕುಳಿತಿರಬೇಕು.