ಒಗರು ಹದಕ್ಕೆ ಬಂದಾಗ

ವೈನಿನ ವಿಮರ್ಶೆ ಎಂಬುದು ಇಂಗ್ಲಿಷಿನಲ್ಲಿ ಒಂದು ಸಾಹಿತ್ಯಪ್ರಕಾರವೇ ಆಗಿಹೋಗಿದೆ. ಬಾಟಲಿಯ ಹಿಂದಿನ ಚೀಟಿಯಲ್ಲಿ ಅದರ ಹನಿಗವನ ರೂಪ, ಪತ್ರಿಕೆಗಳಲ್ಲಿ ಪ್ರಬಂಧ ರೂಪ. ಚೆರ್ರಿ, ವಯೊಲೆಟ್ ಹೂವು, ಟ್ರಫಲ್ ಅಣಬೆ, ಮಳೆ ಬಿದ್ದ ಕಾಡಿನ ನೆಲ, ಚರ್ಮ. ಮುಂಬಯಿಯ ರುಚಿ ನೋಡುವ ಸಂಜೆಗಳಲ್ಲಿ ಮೈಕ್ ಹಿಡಿದವರು ಇದೇ ಪಟ್ಟಿ ಒಪ್ಪಿಸುತ್ತಾರೆ. ವಯೊಲೆಟ್ ಹೂವನ್ನು ಜನ್ಮದಲ್ಲಿ ಮೂಸಿರದ ನಾವು ಹೌದು ಹೌದೆಂದು ತಲೆಯಾಡಿಸುತ್ತೇವೆ. ಈ ಪಟ್ಟಿಯ ಮೇಲೆ ನನಗೆ ದೊಡ್ಡ ತಕರಾರೇನಿಲ್ಲ. ಆದರೆ ಇಟಲಿಯ ಹಳೆಯ ಕೆಂಪು ವೈನಿನಲ್ಲಿ ಮೊದಲು ಗಮನಿಸಬೇಕಾದದ್ದು ಒಗರು. ಅದರ ವಿಷಯ ಬಂದ ಕೂಡಲೇ ಈ ಪ್ರಕಾರ ತಡವರಿಸುತ್ತದೆ. ಕನ್ನಡ ತಡವರಿಸಬೇಕಾಗಿಲ್ಲ ಎಂಬುದಷ್ಟೇ ನನ್ನ ವಾದ.

ಈಚೆಗೆ ಖಾರ್ಘರ್‌ನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಎರಡು ಬಾಟಲಿ ಎದುರುಬದುರಾಗಿ ಇಟ್ಟುಕೊಂಡು ಕೂತಿದ್ದೆವು. ಒಂದು 2010ರ ಸುಗ್ಗಿಯ ಬ್ರುನೆಲ್ಲೊ ದಿ ಮೊಂಟಾಲ್ಚಿನೊ. ಫ್ಲಾರೆನ್ಸಿಗೆ ಹೋಗಿದ್ದವರು, ವಿಮಾನ ಪ್ರಯಾಣಿಕರಿಗೆ ಸುಂಕವಿಲ್ಲದೆ ಬಿಡುವ ಎರಡು ಲೀಟರಿನ ಲೆಕ್ಕದಲ್ಲಿ ತಂದದ್ದು. ಇನ್ನೊಂದು ನಮ್ಮ ಸೋಲಾಪುರ ಜಿಲ್ಲೆಯ ಅಕ್ಲೂಜಿನ ಫ್ರಾತೆಲ್ಲಿ ಕಂಪನಿಯ ‘ಸೆತ್ತೆ’, ಬ್ರುನೆಲ್ಲೊಗಿಂತ ಬಹಳ ಎಳೆಯದು. ಮೊದಲನೆಯದು ಪೂರ್ತಿ ಸಾಂಜೊವೇಸೆ ಎಂಬ ಟಸ್ಕನಿಯ ದ್ರಾಕ್ಷಿ. ಎರಡನೆಯದು ಅದೇ ದ್ರಾಕ್ಷಿಗೆ ಕಾಬರ್ನೆ ಸೊವಿನ್ಯೋಂ ಬೆರೆಸಿದ್ದು. ಹಾಗಾಗಿ ಹೋಲಿಕೆ ತೀರಾ ಅನ್ಯಾಯದ್ದಲ್ಲ.

ಷಡ್ರಸಗಳಲ್ಲಿ ಒಗರಿಗೆ ನಮ್ಮವರು ಮೊದಲಿಂದಲೂ ಒಂದು ಮಣೆ ಹಾಕಿಟ್ಟಿದ್ದಾರೆ. ಪಾಶ್ಚಾತ್ಯ ವಿಜ್ಞಾನದ ರುಚಿಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಟ್ಯಾನಿನ್ ಹೋಗಿ ಜೊಲ್ಲಿನ ಪ್ರೋಟೀನಿಗೆ ಅಂಟಿ ಅದರ ಜಾರುಗುಣ ಕಳೆಯುವುದರಿಂದ ನಾಲಿಗೆ ಒರಟಾಗುತ್ತದೆ, ಅಂದರೆ ಅದು ಬಹುಮಟ್ಟಿಗೆ ಸ್ಪರ್ಶ. ಇರಲಿ. ಪರಿಣಾಮ ಏನೆಂದರೆ ವೈನಿನ ಇಂಗ್ಲಿಷಿನಲ್ಲಿ ಹೊಸಬ ದಾರಿ ತಪ್ಪುತ್ತಾನೆ. ಅಲ್ಲಿ ‘ಡ್ರೈ’ ಎಂದರೆ ಸಿಹಿಯಿಲ್ಲದ್ದು. ಇವನು ಬಾಯಿ ಒಣಗಿಸುವುದು ಎಂದುಕೊಳ್ಳುತ್ತಾನೆ. ಒಗರನ್ನು ಕಹಿ ಎಂದು ಬಿಡುತ್ತಾನೆ. ನೇರಳೆಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಂಡ ಯಾವ ಮಗುವಿಗೂ ನಮ್ಮಲ್ಲಿ ಈ ಗೊಂದಲವಿಲ್ಲ.

ಬ್ರುನೆಲ್ಲೊವನ್ನು ಗ್ಲಾಸಿಗೆ ಬಗ್ಗಿಸಿದಾಗ ಅಂಚಿನಲ್ಲಿ ಮಂಗಳೂರು ಹಂಚಿನ ಬಣ್ಣ. ಎಳೆಯ ವೈನಿನ ನೇರಳೆಗೆಂಪು ಎಲ್ಲೂ ಇಲ್ಲ. ತಳದಲ್ಲಿ ಗಸಿ ನಿಂತಿತ್ತು. ವರ್ಷಗಟ್ಟಲೆ ಟ್ಯಾನಿನ್ ಮತ್ತು ಬಣ್ಣದ ಕಣಗಳು ಒಂದಕ್ಕೊಂದು ಕೂಡಿಕೊಂಡು ಭಾರವಾಗಿ ಕೆಳಗಿಳಿದದ್ದು. ಶಿರಸಿ ಕಡೆಯಿಂದ ಬಂದಿದ್ದ ಗೆಳೆಯರ ತಾಯಿ ಕುಡಿಯುವವರಲ್ಲ. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಒಂದೇ ಮಾತು ಹೇಳಿದರು: “ಚೊಗರಿನ ಪರಿಮಳ ಬತ್ತಲೋ ತಮಾ.” ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದ್ದು ಗಟ್ಟಿಯಾದಾಗ ಉಳಿಯುವ ಕೆಂಪು ರಸವೇ ಚೊಗರು. ಅದೂ ಟ್ಯಾನಿನ್ನೇ. ಆ ಸಂಜೆಯ ಅತ್ಯುತ್ತಮ ವಿಮರ್ಶೆ ಅದು. ಉಳಿದವರು ಮುರುಗಲು ಸಿಪ್ಪೆ, ನಿಪ್ಪಾಣಿಯ ತಂಬಾಕು, ಗುಲ್ಕಂದ್ ಎಂದೆಲ್ಲ ಸೇರಿಸಿದೆವು. ‘ಚರ್ಮ’ ಎಂಬ ಇಂಗ್ಲಿಷ್ ಪದವೂ ಆಗ ಪರಕೀಯ ಅನ್ನಿಸಲಿಲ್ಲ. ಅಥಣಿಯ ಚಪ್ಪಲಿಗೆ ಚರ್ಮ ಹದ ಮಾಡುವುದು ಜಾಲಿ ತೊಗಟೆ, ಅಳಲೆಕಾಯಿಗಳ ಒಗರಿನಿಂದ. ಅಲ್ಲಿ ತೊಗಲಿನ ಪ್ರೋಟೀನು, ಇಲ್ಲಿ ನಾಲಿಗೆಯದು. ಕ್ರಿಯೆ ಒಂದೇ ಜಾತಿಯದು. ಟ್ಯಾನಿನ್ ಎಂಬ ಹೆಸರು ಬಂದದ್ದೂ ಚರ್ಮ ಹದ ಮಾಡುವ ಕೆಲಸದಿಂದಲೇ.

ಹದ ಎಂಬ ಈ ಮಾತನ್ನು ನಾವು ಚರ್ಮಕ್ಕೂ, ಮಣ್ಣಿಗೂ, ಬೆಲ್ಲದ ಪಾಕಕ್ಕೂ ಬಳಸುತ್ತೇವೆ. ಹಳೆಯ ವೈನಿನಲ್ಲಿ ಹುಡುಕಬೇಕಾದದ್ದು ಅದನ್ನೇ. ಬ್ರುನೆಲ್ಲೊದಲ್ಲಿ ಒಗರು ಹೋಗಿರಲಿಲ್ಲ. ಹುಳಿಯೂ ಚುರುಕಾಗಿಯೇ ಇತ್ತು. ಆದರೆ ಹಲ್ಲಿನ ಸಂದಿಗೆ ಹಿಡಿಯುವ ಒರಟು ಹೋಗಿ, ಭರಣಿಯಲ್ಲಿ ಎರಡು ಮೂರು ವರ್ಷ ಕೂತ ಅಪ್ಪೆಮಿಡಿಯ ಹಾಗೆ ಎಲ್ಲವೂ ಒಂದರೊಳಗೊಂದು ಇಳಿದಿತ್ತು. ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲಿ ಉಳಿಯಿತು. ಮೊಂಟಾಲ್ಚಿನೊದ ನಿಯಮದಂತೆ ಸುಗ್ಗಿಯ ನಂತರದ ಐದನೇ ವರ್ಷದ ಜನವರಿ 1ಕ್ಕೆ ಮೊದಲು ಇದನ್ನು ಮಾರುವಂತಿಲ್ಲ, ಅದರಲ್ಲಿ ಕನಿಷ್ಠ ಎರಡು ವರ್ಷ ಮರದ ಪೀಪಾಯಿಯಲ್ಲಿರಬೇಕು. ಯಾವ ಕ್ಲೈಂಟೂ ಡೆಡ್‌ಲೈನ್ ಮುಂದಕ್ಕೆ ಎಳೆಯಲಾಗದ ಪ್ರಾಜೆಕ್ಟು. ನನ್ನ ವೃತ್ತಿಯವರಿಗೆ ಇದು ಹೊಟ್ಟೆಕಿಚ್ಚಿನ ವಿಷಯ.

ಈಗ ಸೆತ್ತೆ. ಫ್ರಾತೆಲ್ಲಿ ಎಂದರೆ ಸೋದರರು, ಸೆತ್ತೆ ಎಂದರೆ ಏಳು. ಇಟಲಿಯ ಸೆಚ್ಚಿ, ದಿಲ್ಲಿಯ ಸೇಖ್ರಿ, ಅಕ್ಲೂಜಿನ ಮೋಹಿತೆ ಪಾಟೀಲ ಮನೆತನಗಳ ಅಣ್ಣತಮ್ಮಂದಿರ ಮೂರು ಜೋಡಿ, ಜೊತೆಗೆ ವೈನ್ ತಯಾರಕ ಪಿಯೆರೊ ಮಾಸಿ. ಸಕ್ಕರೆ ಕಾರ್ಖಾನೆಯ ಊರು, ತುಕಾರಾಮರ ಪಾಲಖಿ ಪಂಢರಪುರಕ್ಕೆ ಹೋಗುವ ದಾರಿ. ಅಲ್ಲಿ ಟಸ್ಕನಿಯ ದ್ರಾಕ್ಷಿ ಬೆಳೆದದ್ದು ಸಣ್ಣ ಸಾಹಸವಲ್ಲ. ಟಸ್ಕನಿಯಲ್ಲಿ ಬಳ್ಳಿ ಚಳಿಗಾಲಪೂರ್ತಿ ಮಲಗುತ್ತದೆ, ಕೊಯ್ಲು ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ನಮ್ಮಲ್ಲಿ ಬಳ್ಳಿಗೆ ಆ ನಿದ್ದೆಯಿಲ್ಲ. ವರ್ಷಕ್ಕೆ ಎರಡು ಬಾರಿ ಸವರಿ, ಚಳಿಗಾಲದಲ್ಲಿ ಹಣ್ಣು ಮಾಗಿಸಿ, ಬಿಸಿಲೇರುವ ಹೊತ್ತಿಗೆ ಕೊಯ್ಯುತ್ತಾರೆ. ಇಂಥ ಬಳ್ಳಿಯಿಂದ ಇಷ್ಟು ಸ್ವಚ್ಛವಾದ, ತೂಕವುಳ್ಳ ವೈನ್ ಬಂದಿದೆ ಎನ್ನುವುದನ್ನು ಮೆಚ್ಚಲೇಬೇಕು.

ಆದರೆ ನಾವು ಕುಡಿದ ಬಾಟಲಿಯಲ್ಲಿ ದ್ರಾಕ್ಷಿಗಿಂತ ಮೊದಲು ಮರ ಮಾತಾಡುತ್ತಿತ್ತು. ವೆನಿಲ್ಲಾ, ಸುಟ್ಟ ಕಾಯಿ, ಲವಂಗ. ಸಣ್ಣ ಹೊಸ ಓಕ್ ಪೀಪಾಯಿ ಕೊಡುವ ರುಚಿಯಿದು. ಹಳೆಕಾಲದ ಬ್ರುನೆಲ್ಲೊದವರು ದೊಡ್ಡ ಹಳೆಯ ಪೀಪಾಯಿ ಹಿಡಿದದ್ದು ಮರ ಬಾಯಿ ಮುಚ್ಚಿಕೊಂಡಿರಲಿ ಎಂದೇ. ಸಾರಿಗಿಂತ ಒಗ್ಗರಣೆ ಮುಂದಾದಂತೆ. ಒಗರು ಒಂದು ಕಡೆ, ಹಣ್ಣು ಒಂದು ಕಡೆ ನಿಂತಿದ್ದವು. ಕೆಟ್ಟ ವೈನಲ್ಲ, ಹದಕ್ಕೆ ಬಾರದ ವೈನ್. ದೇಶದ ಶ್ರೇಷ್ಠ ಕೆಂಪು ವೈನುಗಳಲ್ಲೊಂದು ಎಂದು ಹೊಗಳುವವರು ಈ ವ್ಯತ್ಯಾಸ ಹೇಳದೆ ಅಂಕ ಕೊಟ್ಟು ಮುಗಿಸುವುದು ತಯಾರಕರಿಗೂ ಉಪಕಾರವಲ್ಲ.

ಹಾಗಾದರೆ ಕೊಂಡು ಮನೆಯಲ್ಲೇ ಹಳೆಯದು ಮಾಡೋಣವೆ? ಡೊಂಬಿವಲಿ, ಕಲ್ಯಾಣದ ಫ್ಲ್ಯಾಟುಗಳಲ್ಲಿ ಆ ಆಸೆ ಬೇಡ. ವೈನ್ ನಿಧಾನಕ್ಕೆ ಮಾಗಲು 12ರಿಂದ 14 ಡಿಗ್ರಿ ಬೇಕು. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಅದು ಮಾಗುವುದಿಲ್ಲ, ಬೇಯುತ್ತದೆ. ಸ್ಟೇಷನ್ ಹೊರಗಿನ ‘ವೈನ್ ಶಾಪ್’ (ಇಲ್ಲಿ ಎಲ್ಲಕ್ಕಿಂತ ಕಡಿಮೆ ಮಾರುವುದು ವೈನನ್ನೇ) ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿಟ್ಟ ಹಳೆಯ ಬಾಟಲಿಯನ್ನೂ ಕೊಳ್ಳಬೇಡಿ; ನಿಂತ ಬಾಟಲಿಯ ಬಿರಡೆ ಒಣಗಿ ಗಾಳಿ ಒಳಗೆ ಹೋಗಿರುತ್ತದೆ. ವೈನ್ ಇಡಲೆಂದೇ ಇರುವ ಫ್ರಿಜ್ ಯಾರ ಬಳಿಯಾದರೂ ಇದ್ದರೆ ಒಂದು ಸೆತ್ತೆಯನ್ನು ಮಲಗಿಸಿ ಐದು ವರ್ಷ ಮರೆತುಬಿಡಿ. ಇಲ್ಲದವರು ಕುಡಿಯುವ ಎರಡು ಗಂಟೆ ಮೊದಲು ಅಗಲ ಬಾಯಿಯ ಹೂಜಿಗೆ ಸುರಿದಿಡಿ, ಗಾಳಿಯಾಡಿ ಮರದ ಸದ್ದು ಸ್ವಲ್ಪ ತಗ್ಗುತ್ತದೆ. ಜೊತೆಗೆ ಸೋಲಾಪುರದ ಶೇಂಗಾ ಚಟ್ನಿ ಬೇಡ, ಖಾರಕ್ಕೆ ಒಗರು ಇನ್ನೂ ಕೆರಳುತ್ತದೆ. ಬರೇ ಹುರಿದ ಶೇಂಗಾ, ಒಂದು ತುಂಡು ಚೀಸ್ ಇದ್ದರೆ ಸಾಕು.