ಬಾನುಲಿಗೆ ಊರು ಬೇಡವಾಯಿತೆ?

ಪುಸ್ತಕಕ್ಕೆ ಸಲ್ಲುವ ಮರ್ಯಾದೆ ನಮ್ಮ ವಿಮರ್ಶೆಯಲ್ಲಿ ಬಾನುಲಿಗೆ ಎಂದೂ ಸಂದಿಲ್ಲ. ಅಚ್ಚಾದುದು ಉಳಿಯುತ್ತದೆ, ಆಡಿದ ಮಾತು ಗಾಳಿಗೆ ಹೋಗುತ್ತದೆ ಎಂಬ ಭಾವನೆ ಇದಕ್ಕೆ ಕಾರಣವಿರಬೇಕು. ಆದರೆ ಕಳೆದ ಶತಮಾನದ ಉತ್ತರಾರ್ಧದ ಕನ್ನಡ ಗದ್ಯದ ಚರಿತ್ರೆಯನ್ನು ಬರೆಯಹೊರಟವರು ಧಾರವಾಡ, ಭದ್ರಾವತಿ, ಕಲಬುರಗಿ, ಮಂಗಳೂರು ನಿಲಯಗಳನ್ನು ಬಿಟ್ಟರೆ ಆ ಚರಿತ್ರೆ ಅರೆಯಾಗುತ್ತದೆ. ಈ ನಿಲಯಗಳ, ಇವುಗಳ ಬೆನ್ನಿಗೆ ಬಂದ ಹಾಸನ, ಚಿತ್ರದುರ್ಗ, ಮಡಿಕೇರಿ, ಕಾರವಾರಗಳಂಥ ಸಣ್ಣ ನಿಲಯಗಳ ಸ್ವಂತ ಕಾರ್ಯಕ್ರಮಗಳು ಕರಗುತ್ತಿರುವುದನ್ನು ಆದುದರಿಂದ ಸಾಹಿತ್ಯದ ಪುಟದಲ್ಲಿಯೇ ಚರ್ಚಿಸುವುದು ಉಚಿತ.

ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದ್ದೇ ಊರಿನದಾಗಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟದೊಂದು ಪ್ರಸಾರ ಯಂತ್ರವನ್ನು ಹೂಡಿ ಆರಂಭಿಸಿದ ಸಾಹಸವದು. ಅಲ್ಲಿ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ್ದಾಯಿತು. 2023ರಲ್ಲಿ ದೆಹಲಿಯವರು ಇಂಗ್ಲಿಷ್ ಹೆಸರನ್ನು ಬಿಟ್ಟು ಇದೊಂದನ್ನೇ ಬಳಸತಕ್ಕದ್ದೆಂದು ಆಜ್ಞೆ ಮಾಡಿದರು. ಹೆಸರಾದರೂ ಉಳಿಯಿತು.

ಧಾರವಾಡದ ನಿಲಯ 1950ರ ಜನವರಿಯಲ್ಲಿ ದನಿ ತೆಗೆದಾಗ ಆ ಊರು ಇನ್ನೂ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಏಕೀಕರಣಕ್ಕೆ ಮತ್ತೂ ಆರು ವರ್ಷ ಕಾಯಬೇಕಾಗಿತ್ತು. ನಕಾಶೆಯಲ್ಲಿ ಕನ್ನಡಿಗರು ಒಂದಾಗುವ ಮೊದಲೇ ಉತ್ತರದ ಕನ್ನಡಕ್ಕೆ ತನ್ನದೇ ಆದ ಒಂದು ಸಾರ್ವಜನಿಕ ದನಿ ದೊರೆತದ್ದು ಸಣ್ಣ ಸಂಗತಿಯಲ್ಲ. ಬೇಂದ್ರೆಯವರು ಆ ನಿಲಯಕ್ಕೆ ಸಲಹೆಗಾರರಾಗಿದ್ದರು. ಎನ್ಕೆಯವರು ಅಲ್ಲಿಯೇ ದುಡಿದರು. ಹತ್ತು ನಿಮಿಷದ ಭಾಷಣಕ್ಕೆ ಕರೆ ಬಂದ ಅಧ್ಯಾಪಕನೊಬ್ಬ, ಪುಟದ ಮೇಲೆ ಚೆನ್ನಾಗಿ ಕಾಣುವ ಉದ್ದನೆಯ ವಾಕ್ಯ ಕಿವಿಗೆ ಭಾರವಾಗುತ್ತದೆಂಬುದನ್ನು ಧ್ವನಿಮುದ್ರಣದ ಕೋಣೆಯಲ್ಲಿ ಕಲಿತ. ಇಂಥ ಪಾಠವನ್ನು ಯಾವ ವಿಶ್ವವಿದ್ಯಾನಿಲಯವೂ ಹೇಳಿಕೊಡಲಿಲ್ಲ. ಭಾಷಣ, ರೂಪಕ, ಬಾನುಲಿ ನಾಟಕ ಇವೆಲ್ಲ ಈ ಶಿಕ್ಷಣದ ಫಲಗಳು.

ಹಾಗೆಂದು ಹಿಂದಿನದೆಲ್ಲ ಸೊಗಸಾಗಿತ್ತೆಂದು ಹಲುಬುವುದು ಬೇಡ. ಬರೆದು ತಂದುದನ್ನೇ ಓದಬೇಕೆಂಬ ಕಟ್ಟಳೆಯಿಂದ ಎಷ್ಟೋ ಭಾಷಣಗಳು ಪಠ್ಯಪುಸ್ತಕದಂತೆ ಒಣಗಿದ್ದವು. ರೈತರ ಕಾರ್ಯಕ್ರಮಗಳಲ್ಲಿ ಒಬ್ಬ ದಡ್ಡ, ಒಬ್ಬ ಜಾಣ ಕುಳಿತು ಗೊಬ್ಬರದ ವಿಷಯ ಮಾತನಾಡುತ್ತಿದ್ದರಲ್ಲ, ಅವರ ಹಳ್ಳಿಯ ಭಾಷೆ ಯಾವ ಹಳ್ಳಿಯಲ್ಲಿಯೂ ಇರಲಿಲ್ಲ! ಸರಕಾರದ ಯೋಜನೆಗಳ ಸ್ತುತಿಯಂತೂ ಇದ್ದೇ ಇತ್ತು.

ಆದರೂ ಧ್ವನಿಮುದ್ರಣ ಯಂತ್ರವನ್ನು ಹೆಗಲಿಗೇರಿಸಿಕೊಂಡು ನಿಲಯದವರು ಊರಿಗೇ ಹೋದಾಗ ಮಾತಿನ ಬಣ್ಣವೇ ಬದಲಾಗುತ್ತಿತ್ತು. ಗೀಗೀ ಮೇಳದವರು, ಸೋಬಾನೆ ಹಾಡುವ ಹೆಂಗಸರು, ಬಾವಿ ತೋಡುವವರು ತಮ್ಮ ಕನ್ನಡದಲ್ಲಿಯೇ ಮಾತನಾಡಿದರು. ಅದನ್ನು ಯಾರೂ ತಿದ್ದಲಿಲ್ಲ. ಮಂಗಳೂರಿನಿಂದ ತುಳು, ಕೊಂಕಣಿ, ಬ್ಯಾರಿ ಕೇಳಿಬಂದವು. ಮಡಿಕೇರಿಯಿಂದ ಕೊಡವ ಭಾಷೆಯೂ ಅರೆಭಾಷೆಯೂ ಬಂದವು. ಅರೆಭಾಷೆಯನ್ನಾಡುವ ಮುದುಕಿಗೆ ತನ್ನ ಮನೆಮಾತು ಬಾನುಲಿಯಲ್ಲಿ ಕೇಳಿಬಂದರೆ ಅದರ ಬೆಲೆ ಎಷ್ಟೆಂಬುದನ್ನು ಕೇಳುಗರ ಸಂಖ್ಯೆಯಿಂದ ಅಳೆಯಲಾಗದು. ಸ್ಥಳೀಯ ಕಾರ್ಯಕ್ರಮವೆಂದರೆ ಆ ಊರಿನ ಗೋಪುರದಿಂದ ಹೊರಡುವ ತರಂಗವಲ್ಲ. ಯಾರ ದನಿಯನ್ನು ಕೇಳಿಸಬೇಕೆಂದು ಆ ಊರಿನಲ್ಲಿ ಕುಳಿತು ಆರಿಸುವ ಒಬ್ಬ ಮನುಷ್ಯ. ಈ ಅರ್ಥದಲ್ಲಿ ಪ್ರತಿಯೊಂದು ನಿಲಯವೂ ಸಂಪಾದಕನುಳ್ಳ ಒಂದು ಪತ್ರಿಕೆಯಾಗಿತ್ತು.

ಆ ಮನುಷ್ಯನೇ ಇಂದು ಕಾಣೆಯಾಗುತ್ತಿದ್ದಾನೆ. 1997ರಲ್ಲಿ ಪ್ರಸಾರ ಭಾರತಿ ಬಂದಿತು. ಸ್ವಾಯತ್ತತೆ ಬಂದಿತೆಂದು ಹಿಗ್ಗಿದೆವು. ನಿವೃತ್ತರಾದ ಕಾರ್ಯಕ್ರಮ ನಿರ್ವಾಹಕರ ಕುರ್ಚಿಗಳಲ್ಲಿ ಬಹುಪಾಲು ಖಾಲಿ ಉಳಿದವು. ಕರೆದ ದಿನಕ್ಕೆ ಮಾತ್ರ ಸಂಭಾವನೆ ಪಡೆಯುವ ಹಂಗಾಮಿ ಉದ್ಘೋಷಕರಿಂದ ದಿನ ದೂಡಬೇಕಾಯಿತು. ಅವರಲ್ಲಿ ಪ್ರತಿಭಾವಂತರಿಲ್ಲವೆಂದಲ್ಲ, ಆದರೆ ನಾಳೆಯ ಕೆಲಸದ ಭರವಸೆಯಿಲ್ಲದವರು ಆರು ತಿಂಗಳು ಹಳ್ಳಿ ಸುತ್ತಿ ಒಂದು ರೂಪಕವನ್ನು ಕಟ್ಟುವುದು ಹೇಗೆ? ಬಿಡುವಾದ ಹೊತ್ತನ್ನು ಬೆಂಗಳೂರು ದೆಹಲಿಗಳ ಮರುಪ್ರಸಾರ ತುಂಬಿತು, ಚಿತ್ರಗೀತೆ ತುಂಬಿತು. ಹೊಸ ಪ್ರಸಾರಕರನ್ನು ತಯಾರಿಸಬೇಕಾಗಿದ್ದ ಐದು ಪ್ರಾದೇಶಿಕ ಅಕಾಡೆಮಿಗಳನ್ನು ಮುಚ್ಚುವ ನಿರ್ಣಯವೂ 2018ರ ಕೊನೆಗೆ ಹೊರಬಿತ್ತು. ಖರ್ಚು ಕಡಿಮೆ ಮಾಡಲೆಂದು ಅದಕ್ಕೆ ಕೊಟ್ಟ ಕಾರಣ.

ಖಾಸಗಿ ಎಫ್.ಎಂ. ವಾಹಿನಿಗಳು ಈ ಕೊರತೆಯನ್ನು ತುಂಬುತ್ತವೆಂದು ಕೆಲವರ ವಾದ. 2001ರಲ್ಲಿ ದೇಶದ ಮೊದಲ ಖಾಸಗಿ ವಾಹಿನಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಅದರ ಹಿಂದೆ ಬಂದವುಗಳಲ್ಲಿ ಹರಟೆಯುಂಟು, ಹಾಡುಂಟು. ಸ್ವಂತ ಸುದ್ದಿ ಬಿತ್ತರಿಸಲು ಅವುಗಳಿಗೆ ಅನುಮತಿಯಿಲ್ಲ. ಮೊಬೈಲಿನಲ್ಲಿ ಮಂಗಳೂರು ನಿಲಯವನ್ನು ದುಬೈಯಲ್ಲಿ ಕೇಳಬಹುದೆಂಬ ಸಮಾಧಾನವೂ ಇದೆ. ಸರಿಯೆ. ಆದರೆ ಊರ ದನಿಯನ್ನು ಹುಡುಕಿ ಅಲ್ಲಿ ಕುಳಿತ ಮಂಗಳೂರಿಗನಿಗೆ ಕೇಳಸಿಗುವುದು ದೆಹಲಿಯ ಮರುಪ್ರಸಾರವಾದರೆ ಅವನಿಗೇನು ಲಾಭ? ಸಮುದಾಯ ಬಾನುಲಿಗೆ 2006ರ ನೀತಿ ಸಂಘಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಕೋಲಾರದ ಬೂದಿಕೋಟೆಯ ‘ನಮ್ಮ ಧ್ವನಿ’ಯಂಥ ಪ್ರಯತ್ನಗಳು ಮೆಚ್ಚತಕ್ಕವು, ಆದರೆ ಈ ಬಾನುಲಿಗಳ ದನಿ ಹತ್ತು ಹದಿನೈದು ಕಿಲೋಮೀಟರಿನಾಚೆ ಮುಟ್ಟದು, ಹಣವೂ ಸಾಲದು.

ಇದರಿಂದ ಭಾಷೆಗಾಗುವ ಹಾನಿಯನ್ನು ತರಗತಿಯಲ್ಲಿ ದಿನವೂ ಕಾಣುತ್ತಿದ್ದೇವೆ. ಕಲಬುರಗಿಯ ಕಡೆಯ ಹುಡುಗ ಬಾಯಿ ತೆರೆಯಲು ನಾಚುತ್ತಾನೆ. ತೆರೆದರೆ ದೂರದರ್ಶನದ ಧಾರಾವಾಹಿಯ ಬೆಂಗಳೂರು ಕನ್ನಡವನ್ನು ಅನುಕರಿಸುತ್ತಾನೆ. ತನ್ನ ಮಾತಿಗೂ ಮೈಕಿನ ಮುಂದೆ ಸ್ಥಾನವುಂಟೆಂಬುದನ್ನು ಅವನು ಕೇಳಿಯೇ ಇಲ್ಲ.

ಪ್ರತಿ ನಿಲಯಕ್ಕೆ ಇಬ್ಬರು ಖಾಯಂ ಕಾರ್ಯಕ್ರಮ ನಿರ್ವಾಹಕರು, ಒಂದು ವಾಹನ, ಮರುಪ್ರಸಾರ ಮುಟ್ಟದ ದಿನಕ್ಕೆ ಮೂರು ಗಂಟೆ: ಬೇಡಿಕೆ ಇಷ್ಟೇ. ಅದರ ಜೊತೆಗೆ, ನಿಲಯಗಳ ಕಪಾಟುಗಳಲ್ಲಿ ಉಳಿದಿರುವ ಹಳೆಯ ಟೇಪುಗಳ ಪಟ್ಟಿಯನ್ನು ನಿಲಯವಾರು ಪ್ರಕಟಿಸಲಿ. ಅವುಗಳಲ್ಲಿ ಯಾರ ಯಾರ ದನಿಯಿದೆಯೆಂದು ಬಲ್ಲ ಹಿರಿಯ ಉದ್ಘೋಷಕರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ.