ಮೈಕಿ ಬಂಗಲೆ ಬಿಟ್ಟು ಹೋದಾಗ

ಎಮೋ ಸಂಗೀತ ಎಳೆಯರನ್ನು ಸಾವಿನತ್ತ ದೂಡುತ್ತೆ ಎಂಬಂತೆ 2008ರಲ್ಲಿ ಬ್ರಿಟನ್ನಿನ ಡೈಲಿ ಮೇಲ್ ಬರೆದಿತ್ತು. ಸಿಟ್ಟಾದ ಮೈ ಕೆಮಿಕಲ್ ರೊಮಾನ್ಸ್ ಅಭಿಮಾನಿಗಳು ಲಂಡನ್ನಿನಲ್ಲಿ ಪ್ರತಿಭಟನೆಗೇ ಇಳಿದ್ರು. ಬರೆದವರು ‘ದ ಬ್ಲ್ಯಾಕ್ ಪರೇಡ್’ ಆಲ್ಬಮ್ಮನ್ನು ಕೊನೆವರೆಗೆ ಕೇಳಿರಲಿಕ್ಕಿಲ್ಲ ಅನ್ನೋದು ನನ್ನ ಅನುಮಾನ.

2006ರಲ್ಲಿ ಬ್ಯಾಂಡಿನವರು ಲಾಸ್ ಏಂಜಲೀಸಿನ ಹಳೇ ಬಂಗಲೆಯೊಂದರಲ್ಲಿ ಉಳಿದು ಈ ಹಾಡುಗಳನ್ನು ಕಟ್ಟುತ್ತಿದ್ದರು. ಬೇಸ್ ಗಿಟಾರಿನ ಮೈಕಿ ವೇ ಖಿನ್ನತೆಯಿಂದ ನಲುಗಿ, ಕೆಲಸ ಅರ್ಧಕ್ಕೇ ಬಿಟ್ಟು ಚಿಕಿತ್ಸೆಗೆ ಹೊರಟ. ಹಾಡುಗಾರ ಜೆರಾರ್ಡ್ ವೇ ಅವನ ಸ್ವಂತ ಅಣ್ಣ. ಕುಡಿತ, ಮಾತ್ರೆಗಳಿಂದ 2004ರಲ್ಲಷ್ಟೇ ಹೊರಬಂದವನು. ಆ ದಿಗಿಲಿನಲ್ಲಿ ಹುಟ್ಟಿದ್ದು ‘ಫೇಮಸ್ ಲಾಸ್ಟ್ ವರ್ಡ್ಸ್’. ಕ್ಯಾನ್ಸರ್ ರೋಗಿಯೊಬ್ಬನ ಸಾವಿನ ಕತೆ ಹೇಳೋ ಆಲ್ಬಮ್ಮು ಕೊನೆಗೆ ಬಂದು ನಿಲ್ಲೋದು ಬದುಕಿನ ಹಟದ ಮೇಲೆ. (ಆಮೇಲೆ ಬರೋ ಗುಟ್ಟಿನ ಹಾಡು ಬರೀ ಕುಚೋದ್ಯ.)

ಮೆರವಣಿಗೆಯ ಯೂನಿಫಾರ್ಮು, ಮುಖದ ಬಣ್ಣ, ಅಬ್ಬರ ಅತಿಯಾಯ್ತು ಅಂತ ಮೊದಲು ನನಗೂ ಅನ್ನಿಸಿತ್ತು. ಆದ್ರೆ ನಮ್ಮೂರ ಬಯಲಾಟದಲ್ಲೂ ಗಂಡಸರು ನಾಲ್ಕು ಜನರ ಮುಂದೆ ಅಳೋಕಾಗ್ತಿದ್ದದ್ದು ಬಣ್ಣ ಹಚ್ಚಿದ ಮೇಲೇ. ಮನಸ್ಸಿಗೆ ಬೇಜಾರು ಅಂದ್ರೆ ‘ಹೊಲಕ್ಕೆ ಹೋಗು, ಸರಿಹೋಗುತ್ತೆ’ ಅನ್ನೋ ಮನೆ ನಮ್ಮದು.

ಮೈಕಿ ವಾಪಸ್ ಬಂದ, ಆಲ್ಬಮ್ ಮುಗಿಸಿದ. ಮರುವರ್ಷ ಟೂರ್ ನಡುವೆಯೂ ಕೆಲವು ತಿಂಗಳು ರಜೆ ಹಾಕಿದ. ಬ್ಯಾಂಡು ಅವನ ಜಾಗ ಕಾಯ್ದಿಟ್ಟಿತು.